ಚೌರಪ್ಪನ ಹೆಸರಿಗೊಂದು ಪೂಜೆ

ದೇವರಾಜ ಅರಸು ಬಡಾವಣೆ, ದಾವಣಗೆರೆ
12 ಸೆಪ್ಟೆಂಬರ್ 2024

ಪ್ರೀತಿಯ ಲೂರ್ದುವಿಗೆ,

ಯೇಸುವಿಗೆ ಸ್ತೋತ್ರ. ನಿನ್ನೆ ಫೋನಿನಲ್ಲಿ ನಾನು ಗಂಟಲು ಹರಿಯುವಂತೆ ಕೂಗಿದೆ. ನೀನು "ಹೂಂ ಅಕ್ಕಾ, ಊಟ ಆತು" ಎಂದು ಇಟ್ಟುಬಿಟ್ಟೆ. ಕೆಳಗಿನ ಮನೆಯ ಹಜೀರಾಬೀ ಗಾಬರಿಯಿಂದ ಮೇಲೆ ಬಂದರು. ಇನ್ನು ಫೋನು ಬೇಡ. ಬೋರ್ಡಿನ ಮೇಲೆ ಬರೆದೇ ಸವೆದ ಕೈ ಇದು, ಕಾಗದ ಬರೆಯಲು ಇನ್ನೂ ಬರುತ್ತದೆ.

ಹೋದ ವಾರ ನಿಮ್ಮ ಹರಿಹರದ ಫಾದರ್ ಯಾವುದೋ ಕೆಲಸಕ್ಕೆ ದಾವಣಗೆರೆಗೆ ಬಂದವರು, ಮೆಟ್ಟಿಲು ಹತ್ತಿ ನನ್ನನ್ನು ನೋಡಿಕೊಂಡು ಹೋದರು. ನನ್ನ ತಮ್ಮನ ಆತ್ಮಶಾಂತಿಗೆ ನಿಮ್ಮ ದೇವಾಲಯದಲ್ಲಿ ಪೂಜೆಗಳು ನಡೆಯುತ್ತಿವೆಯಲ್ಲ ಎಂದು ಸುಮ್ಮನೆ ಕೇಳಿದೆ. "ಚೌರಪ್ಪನವರ ಹೆಸರಿಗೆ ಯಾರೂ ಪೂಜೆ ಕೊಟ್ಟೇ ಇಲ್ಲವಲ್ಲ ಟೀಚರ್" ಎಂದರು. ಅವನು ತೀರಿಕೊಂಡದ್ದು ಜನವರಿಯಲ್ಲಿ. ತಿಂಗಳ ಪೂಜೆಯೂ ಇಲ್ಲವೇ?

ನಿನ್ನನ್ನು ಬೈಯುತ್ತಿಲ್ಲ. ಗಂಡನ ಹೆಸರನ್ನು ದೇವಾಲಯದಲ್ಲಿ ಓದುವಾಗ ಕೇಳಿಸಿಕೊಳ್ಳಲು ಹೆಂಡತಿಗೆ ಎದೆ ಗಟ್ಟಿಯಿರಬೇಕು. ಅತ್ತು ಅತ್ತು ನಿನ್ನ ಕಿವಿಯೂ ಹೋಯಿತು ಪಾಪ. ಆದರೆ ಅವನ ಆತ್ಮದ ಗತಿ ಏನು? ನನಗೆ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿದೆ. ಹರಿಹರದ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಹೆಗಲಿಗೆ ಟವೆಲ್ ಹಾಕಿಕೊಂಡು ಚೌರಪ್ಪ ಕೂತಿದ್ದಾನೆ. ಬಸ್ಸುಗಳು ಬರುತ್ತವೆ, ಯಾವುದೂ ಅವನಿಗಾಗಿ ನಿಲ್ಲುವುದಿಲ್ಲ.

ನವೆಂಬರ್ ಎರಡಕ್ಕೆ ಮೃತರ ದಿನ. ಅವನು ಹೋದ ಮೇಲೆ ಬರುತ್ತಿರುವ ಮೊದಲನೆಯದು. ಅವತ್ತಿನ ಪೂಜೆಗೆ ಹೆಸರು ಕೊಡು. ನನ್ನ ಮೊಣಕಾಲು ಕೆಳಗಿಳಿಯಲು ಬಿಟ್ಟಿದ್ದರೆ ನಾನೇ ಬರುತ್ತಿದ್ದೆ.

ನಿನ್ನ ಅಕ್ಕ,
ಸಿಸಿಲಿಯಾ

*

ಹರಿಹರ
19 ಸೆಪ್ಟೆಂಬರ್ 2024

ಪೂಜ್ಯ ಅಕ್ಕನವರಿಗೆ ಲೂರ್ದಮ್ಮ ಮಾಡುವ ನಮಸ್ಕಾರಗಳು. ಯೇಸುವಿಗೆ ಸ್ತೋತ್ರ.

ಕಾಗದ ತಲುಪಿತು. ಅಕ್ಷರ ಎಷ್ಟು ದುಂಡಗಿದೆಯೆಂದರೆ ತಪ್ಪು ಮಾಡಿದ ಮಗುವಿನಂತೆ ನಿಂತುಕೊಂಡೇ ಓದಿದೆ.

ಮಾತೆ ಮರಿಯಮ್ಮನ ಹಬ್ಬ ಜೋರಾಗಿ ಆಯಿತು. ಈ ಸಲ ಜನವೋ ಜನ. ದೇವಾಲಯದ ಗೇಟಿನ ಹತ್ತಿರದ ನನ್ನ ಅಂಗಡಿಯಲ್ಲಿ ಮೇಣದಬತ್ತಿ ಒಂದೂ ಉಳಿಯಲಿಲ್ಲ. ಈಗ ಜನ ಹಚ್ಚಿ ಉಳಿದ ತುಂಡುಬತ್ತಿ ಮೂಟೆಗಟ್ಟಲೆ ಬಂದು ಬಿದ್ದಿದೆ, ದಿನವೆಲ್ಲ ಅದನ್ನು ಕರಗಿಸಿ, ಸೋಸಿ, ಅಚ್ಚಿಗೆ ಹೊಯ್ಯುವುದೇ ಕೆಲಸ. ಬಲಗೈಯ ಎರಡು ಬೆರಳು ಸುಟ್ಟುಕೊಂಡಿದ್ದೇನೆ. ಪಕ್ಕದ ಹೂವಿನ ಓಬವ್ವ ನಿಮಗೆ ಗೊತ್ತಲ್ಲ, ಅವಳೇ ಎಣ್ಣೆ ಹಚ್ಚಿದಳು. ಅವಳ ತುಟಿ ನೋಡಿದರೆ ನನಗೆ ಮಾತು ತಿಳಿಯುತ್ತದೆ. ಕನ್ನಡ ನಾಡಿನಲ್ಲಿ ಅವಳಷ್ಟು ಬಾಯಿ ಅಗಲಿಸಿ ಮಾತಾಡುವವರು ಇನ್ನೊಬ್ಬರಿಲ್ಲ.

ಕನಸಿನ ಬಗ್ಗೆ ಚಿಂತೆ ಮಾಡಬೇಡಿ. ಬಸ್‌ಸ್ಟ್ಯಾಂಡಿನಲ್ಲಿ ಬೆಂಚಾದರೂ ಇದೆ. ಮಾತಿಲ್ಲದೆ ಕೂರುವುದು ನಿಮ್ಮ ತಮ್ಮನಿಗೆ ಹೊಸದೇನಲ್ಲ. ನೀವು ಮಾತ್ರೆ ತಪ್ಪಿಸಬೇಡಿ.

ಲೂರ್ದಮ್ಮ

*

ದಾವಣಗೆರೆ
25 ಸೆಪ್ಟೆಂಬರ್ 2024

ಪ್ರೀತಿಯ ಲೂರ್ದುವಿಗೆ,

ನಿನ್ನ ಕಾಗದದಲ್ಲಿ ಮೇಣವಿದೆ, ಓಬವ್ವನಿದ್ದಾಳೆ, ಬೆರಳೂ ಇದೆ. ನಾನು ಕೇಳಿದ್ದಕ್ಕೆ ಉತ್ತರ ಮಾತ್ರ ಇಲ್ಲ. ನೋವನ್ನು ತಮಾಷೆಯಲ್ಲಿ ಮುಚ್ಚುವುದು ನಿನ್ನ ಹಳೆಯ ಚಾಳಿ.

ಜ್ಞಾನೋಪದೇಶದ ಕ್ಲಾಸಿನಲ್ಲಿ ಮಕ್ಕಳಿಗೆ ಹೇಳುತ್ತಿದ್ದುದನ್ನೇ ನಿನಗೂ ಹೇಳುತ್ತೇನೆ. ಶುದ್ಧೀಕರಣ ಸ್ಥಳ ನರಕವಲ್ಲ. ಅಲ್ಲಿರುವವರೆಲ್ಲ ಸ್ವರ್ಗಕ್ಕೆ ಹೋಗುವವರೇ, ಮೈಯ ಕೊಳೆ ತೊಳೆಯುವವರೆಗೆ ಕಾಯಬೇಕು ಅಷ್ಟೆ. ಆದರೆ ಅವರು ತಮಗಾಗಿ ಏನೂ ಮಾಡಿಕೊಳ್ಳಲಾರರು. ಬದುಕಿರುವ ನಾವು ಪೂಜೆ ಕೊಡಬೇಕು, ಪ್ರಾರ್ಥಿಸಬೇಕು. ನಮ್ಮ ಕೈಯಿಂದಲೇ ಅವರ ಬಿಡುಗಡೆ.

ಇದನ್ನು ಹಜೀರಾಬೀಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಾ, "ನಮ್ಮಲ್ಲೂ ಹಂಗೇ ಟೀಚರಮ್ಮ. ಶಬೇ ಬರಾತ್‌ಗೆ ನಮ್ಮವ್ರು ಕಬರಸ್ತಾನಕ್ಕೆ ಹೋಗಿ ದುವಾ ಮಾಡ್ತಾರೆ. ಸತ್ತೋರ ಕೈ ಖಾಲಿ ಇರ್ತೈತೆ, ಬದುಕಿರೋರೇ ಕಳಿಸ್ಬೇಕು" ಎಂದರು. ಅವರಿಗೆ ಅರ್ಥವಾದದ್ದು ನಿನಗೆ ಆಗುವುದಿಲ್ಲವೇ?

ನಾನು ಕಾಯಲಿಲ್ಲ. ಹೋದ ಭಾನುವಾರ ಇಲ್ಲಿನ ದೇವಾಲಯದಲ್ಲಿ ಚೌರಪ್ಪನ ಹೆಸರಿಗೆ ಪೂಜೆ ಕೊಡಿಸಿದೆ. ಇನ್ನು ಹೆಂಡತಿಯಾಗಿ ನೀನು ಕೊಡುವುದು ಬಾಕಿ. ಸಂಜೆಯಾದರೆ ನನಗೆ ಇದೇ ಯೋಚನೆ. ಮಾತಾಡಲು ಯಾರಿದ್ದಾರೆ ಹೇಳು.

ಸಿಸಿಲಿಯಾ

*

ಹರಿಹರ
3 ಅಕ್ಟೋಬರ್ 2024

ಅಕ್ಕನವರಿಗೆ,

ನನ್ನನ್ನು ಕೇಳದೆ ಯಾಕೆ ಪೂಜೆ ಕೊಡಿಸಿದಿರಿ? ಅಲ್ಲಿ ಬರೀ "ಚೌರಪ್ಪ" ಎಂದು ಓದಿರುತ್ತಾರೆ. ಯಾವ ಚೌರಪ್ಪ? ನಮ್ಮ ಸಿಮೆಟ್ರಿಯಲ್ಲೇ ಸಾಲುಸಾಲು ಚೌರಪ್ಪಂದಿರಿದ್ದಾರೆ. ಯಾರೋ ಕುಡುಕ ಚೌರಪ್ಪ ನಿಮ್ಮ ಪುಣ್ಯದಿಂದ ಈಗ ಸ್ವರ್ಗದಲ್ಲಿ ಕಾಲು ಚಾಚಿ ಕೂತಿರಬೇಕು.

ಅಕ್ಕ, ನಾನು ಮರೆತಿಲ್ಲ. ನನಗೆ ಎದೆ ಗಟ್ಟಿಯಿಲ್ಲ ಎಂದೂ ಅಲ್ಲ. ಬೇಕೆಂದೇ ಕೊಟ್ಟಿಲ್ಲ. ನನ್ನ ಅಂಗಡಿಯ ಬತ್ತಿ ಊರಿನ ಸತ್ತವರಿಗೆಲ್ಲ ಉರಿದಿದೆ, ನಿಮ್ಮ ತಮ್ಮನಿಗೆ ಮಾತ್ರ ಒಂದೂ ಹಚ್ಚಿಲ್ಲ.

ನಿಮ್ಮ ನಿವೃತ್ತಿಯ ದಿನ ನಿಮಗೆ ನೆನಪಿರುತ್ತದೆ. ಶಾಲೆಯ ಅಂಗಳದಲ್ಲಿ ಶಾಮಿಯಾನ. ನಿಮ್ಮ ತಮ್ಮ ಹಾಡಲು ನಿಂತರು, ಗಂಟಲು ಒಡೆಯಿತು. ನಾನು ಕೂತಲ್ಲಿಂದ, "ಸತ್ತೋರ ಮುಂದೆ ಹಾಡಿ ಅಭ್ಯಾಸ ಆಗೈತೆ, ಬದುಕಿರೋರನ್ನ ನೋಡಿ ಹೆದರ‍್ಯಾರೆ" ಎಂದೆ. ಸುಳ್ಳೇನಲ್ಲವಲ್ಲ, ಹರಿಹರದಲ್ಲಿ ಯಾವ ಕ್ರೈಸ್ತರ ಹೆಣ ಎದ್ದರೂ ಮುಂದೆ ನಿಂತು ಹಾಡುತ್ತಿದ್ದವರು ಅವರೇ. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿನಿಂದ ಸಾಯುವವರೆಗೆ ಅವರು ನನ್ನೊಡನೆ ಒಂದು ಮಾತು ಆಡಲಿಲ್ಲ.

ಸಂಸಾರ ಹೇಗೆ ನಡೆಯಿತು ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಗೋಡೆಯ ಮೇಲಿನ ಶಿಲುಬೆಯಿಂದ ನಡೆಯಿತು. ಊಟಕ್ಕೆ ಕೂತವರು ತಲೆಯೆತ್ತಿ, "ಸ್ವಾಮಿ, ಸಾರಿಗೆ ಉಪ್ಪು ಕಮ್ಮಿ ಐತೆ" ಎನ್ನುವರು. ನಾನೂ ತಲೆಯೆತ್ತಿ, "ಸ್ವಾಮಿ, ಉಪ್ಪಿನ ಡಬ್ಬಿ ಎದುರಿಗೇ ಐತೆ ಅಂತ ಹೇಳಪ್ಪ" ಎನ್ನುವೆ. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಕಾಲು ಹಿಡಿದೆ. ಹೌದು ಅಕ್ಕ, ನಿಜವಾಗಿಯೂ ಅವರ ಕಾಲು ಹಿಡಿದು ಅತ್ತೆ. ಕಾಲು ಎಳೆದುಕೊಂಡು, "ಸ್ವಾಮಿ, ದೀಪ ಆರಿಸೋರು ಆರಿಸಬಹುದು" ಎಂದರು. ಮಕ್ಕಳೂ ಇಲ್ಲದ ಮನೆ. ಎರಡು ಕೋಣೆ, ಎರಡು ಜೀವ, ಒಂದು ಶಿಲುಬೆ.

ಈಗ ನೀವೇ ಬರೆದಿದ್ದೀರಿ, ಅವರು ತಮಗಾಗಿ ಏನೂ ಮಾಡಿಕೊಳ್ಳಲಾರರು, ನಮ್ಮ ಕೈಯಿಂದಲೇ ಬಿಡುಗಡೆ ಎಂದು. ಹಾಗಾದರೆ ಕಾಯಲಿ. ನಾನು ಕಾದಿಲ್ಲವೇ? ನನ್ನ ತುಂಡುಬತ್ತಿಗಳೂ ಕುದಿಯದೆ ಕರಿ ಬಿಡುವುದಿಲ್ಲ.

ಲೂರ್ದಮ್ಮ

*

ದಾವಣಗೆರೆ
9 ಅಕ್ಟೋಬರ್ 2024

ಲೂರ್ದು,

ನಿನ್ನ ಕಾಗದವನ್ನು ಕಿಟಕಿಯ ಬೆಳಕಿನಲ್ಲಿ ಎರಡು ಸಲ ಓದಿದೆ. ಮನೆಯಲ್ಲಿ ಇಷ್ಟು ನಡೆದಿತ್ತೆಂದು ನನಗೆ ತಿಳಿದಿರಲಿಲ್ಲ. ಸ್ವಲ್ಪ ಮುನಿಸು, ಗಂಡಹೆಂಡಿರದ್ದು ಎಂದುಕೊಂಡಿದ್ದೆ. ನಾನು ನಕ್ಕದ್ದು ನಿಜ.

ಈಗ ಒಂದು ವಿಷಯ ಹೇಳಬೇಕು. ಅವನ ಕೊನೆಯ ವಾರ ನಾನು ಅಲ್ಲಿಗೆ ಬಂದಿದ್ದೆನಲ್ಲ. ಒಂದು ದಿನ ನೀನು ಬಿಸಿನೀರು ತರಲು ಒಳಗೆ ಹೋದಾಗ ಚೌರಪ್ಪ ನನ್ನ ಕೈ ಹಿಡಿದುಕೊಂಡ. "ಅಕ್ಕಾ, ಲೂರ್ದುಗೆ ಹೇಳು, ನನ್ನ ತಪ್ಪು ಮನಸ್ಸಿನಾಗ ಇಟ್ಕಾಬ್ಯಾಡ ಅಂತ" ಎಂದ. ಸಾವಿನ ಗಡಿಬಿಡಿಯಲ್ಲಿ ನಿನಗೆ ಹೇಳಲು ಆಗಲಿಲ್ಲ.

ಅವನು ಕ್ಷಮೆ ಕೇಳಿದ್ದಾನೆ. ಇನ್ನು ಕೊಡುವುದು ಬಿಡುವುದು ನಿನಗೆ ಸೇರಿದ್ದು. ಹೆಸರು ಕೊಡು ತಾಯಿ.

ಸಿಸಿಲಿಯಾ

*

ದಾವಣಗೆರೆ
20 ಅಕ್ಟೋಬರ್ 2024

ಲೂರ್ದು,

ಉತ್ತರವಿಲ್ಲ. ಕಾಗದ ತಲುಪಿತೋ ಇಲ್ಲವೋ. ಬೆರಳಿನ ಗಾಯ ಹೆಚ್ಚಾಯಿತೇ? ಪೋಸ್ಟಿನವನ ಸೈಕಲ್ ಬೆಲ್ ಕೇಳಿದಾಗಲೆಲ್ಲ ಹಜೀರಾಬೀ ಕೆಳಗಿನಿಂದಲೇ ಕೈ ಆಡಿಸಿ "ಇಲ್ಲ" ಎನ್ನುತ್ತಾರೆ. ಕೋಪವಿದ್ದರೆ ಕೋಪವನ್ನಾದರೂ ಬರೆ.

ಸಿಸಿಲಿಯಾ

*

ಹರಿಹರ
23 ಅಕ್ಟೋಬರ್ 2024

ಅಕ್ಕ,

ನಿಮಗೆ ಸುಳ್ಳು ಹೇಳಲು ಬರುವುದಿಲ್ಲ. ಅಭ್ಯಾಸವಿಲ್ಲದವರು ಈ ವಯಸ್ಸಿನಲ್ಲಿ ಶುರುಮಾಡಬಾರದು.

ಅವರು ನನ್ನನ್ನು "ಲೂರ್ದು" ಎಂದು ಕರೆದದ್ದೇ ಇಲ್ಲ. ಮದುವೆಯಾದ ಹೊಸದರಲ್ಲಿ "ಏಯ್", ಆಮೇಲೆ "ಕೇಳ್ತಾ", ಆಮೇಲೆ ಶಿಲುಬೆ. ಈ ಲೋಕದಲ್ಲಿ ನನ್ನನ್ನು ಲೂರ್ದು ಎನ್ನುವವರು ನೀವೊಬ್ಬರೇ. ನಿಮ್ಮ ಬಾಯಿಯ ಮಾತನ್ನು ಅವರ ಬಾಯಿಗೆ ತುರುಕಿದಿರಿ, ಅಳತೆ ಸರಿಹೊಂದಲಿಲ್ಲ.

ಓದಿ ಸಿಟ್ಟು ಬಂತು. ಕಾಗದವನ್ನು ಮೇಣದ ಒಲೆಗೆ ಹಾಕಲು ಹೋದೆ, ಕೈ ಬರಲಿಲ್ಲ. ಒಲೆಯ ಮುಂದೆ ಕೂತು ಯೋಚಿಸಿದೆ. ಊರಿನ ಮಕ್ಕಳಿಗೆಲ್ಲ ಹತ್ತು ಕಟ್ಟಳೆ ಬಾಯಿಪಾಠ ಮಾಡಿಸಿದ ನಮ್ಮ ಸಿಸಿಲಿಯಾ ಟೀಚರ್ ಸುಳ್ಳು ಬರೆದಿದ್ದಾರೆ. ಸುಳ್ಳು ಪಾಪವೆಂದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ತಮ್ಮನನ್ನು ಬಿಡಿಸಲು ತಾವೇ ಆ ಶುದ್ಧೀಕರಣ ಸ್ಥಳಕ್ಕೆ ಹೋಗಿ ಕೂರಲು ತಯಾರಾಗಿದ್ದಾರೆ. ನನ್ನ ಪಾಲಿಗೆ ಹೀಗೆ ಯಾರಾದರೂ ಒಂದು ಸುಳ್ಳು ಹೇಳಿದ್ದರೆ ಎಂದು ಹೊಟ್ಟೆಕಿಚ್ಚಾಯಿತು. ಆಮೇಲೆ ಹೊಳೆಯಿತು, ಸುಳ್ಳು ಹೇಳಿದ್ದು ನನಗೇ ತಾನೆ, ನನ್ನ ಮನಸ್ಸು ತಣ್ಣಗಾಗಲಿ ಎಂದೇ ತಾನೆ. ಆಗ ಅಳು ಬಂತು.

ನೀವು ಇಷ್ಟು ಮಾಡಿರುವಾಗ ನಾನು ಮುಚ್ಚಿಟ್ಟಿದ್ದನ್ನೂ ಹೇಳಿಬಿಡುತ್ತೇನೆ. ನನ್ನ ಕಿವಿ ಅತ್ತು ಹೋದದ್ದಲ್ಲ. ಅವರು ಹಾಸಿಗೆ ಹಿಡಿಯುವ ಮೊದಲೇ ಮಂದವಾಗಿತ್ತು. ಯಾರಿಗೂ ಹೇಳಲಿಲ್ಲ. ಮಾತೇ ಇಲ್ಲದ ಮನೆಯಲ್ಲಿ ಕಿವಿ ಹೋದರೆ ಯಾರಿಗೆ ತಿಳಿಯುತ್ತದೆ? ನನಗೇ ತಡವಾಗಿ ತಿಳಿಯಿತು.

ನೀವು ದಾವಣಗೆರೆಗೆ ಹಿಂದಿರುಗಿದ ಮರುದಿನ ಅವರು ನನ್ನ ಕಡೆ ನೋಡಿದರು. ಶಿಲುಬೆಯ ಕಡೆ ಅಲ್ಲ, ನನ್ನ ಮುಖದ ಕಡೆ. ತುಟಿ ಅಲ್ಲಾಡುತ್ತಿತ್ತು. ಜಪಸರ ಹೇಳುತ್ತಿದ್ದಾರೆ ಎಂದುಕೊಂಡು ನಾನು ಗಂಜಿ ಕಲಸುತ್ತಿದ್ದೆ. ಅವರು ನಿಲ್ಲಿಸಿದರು. ಮತ್ತೆ ತುಟಿ ಅಲ್ಲಾಡಿಸಿದರು. ನಾನು "ಸ್ವಾಮಿ, ಗಂಜಿ ಆರ್ತೈತೆ" ಎಂದು ಗೋಡೆಗೆ ಹೇಳಿದೆ. ಅವರು ಆ ಕಡೆ ಮಗ್ಗಲಾದರು. ಎರಡು ದಿನಕ್ಕೆ ಹೋದರು.

ಮಣ್ಣು ಮಾಡಿ ಬಂದ ಮೇಲೆ ಹಾಸಿಗೆ ಮಡಚುವಾಗ ನೋಡುತ್ತೇನೆ, ಜಪಸರ ಮೊಳೆಯ ಮೇಲೇ ಇದೆ, ಅವರು ಹಾಸಿಗೆ ಹಿಡಿದಾಗ ನಾನು ತೂಗುಹಾಕಿದ ಹಾಗೆಯೇ. ಆ ದಿನ ಅದು ಅವರ ಕೈಯಲ್ಲಿ ಇರಲೇ ಇಲ್ಲ.

ಏನು ಹೇಳಿದರೋ ಅಕ್ಕ. ಬೈದರೋ, ನೀರು ಕೇಳಿದರೋ. ಅಥವಾ ನೀವು ಕಟ್ಟಿ ಬರೆದ ಮಾತನ್ನೇ ಹೇಳಿದರೋ. ಅದು ತಿಳಿಯದೆ ನಾನು ಏನನ್ನು ಕ್ಷಮಿಸಲಿ? ಅವರು ಕಾಯುತ್ತಿರುವವರೆಗೆ ನನಗೊಂದು ಉತ್ತರ ಕೊಡಬೇಕಾದವರು ಎಲ್ಲೋ ಇದ್ದಾರೆ ಎಂಬ ಧೈರ್ಯ. ಬಿಟ್ಟುಬಿಟ್ಟರೆ ಸ್ವರ್ಗಕ್ಕೆ ಹೋಗಿಬಿಡುತ್ತಾರೆ, ದೇವದೂತರ ನಡುವೆ ಹಾಡುತ್ತಾರೆ. ನನಗೆ ಯಾರು ಉಳಿದರು? ಅವರಿಗಿಂತ ಮೊದಲು ನಾನೇ ಹೋಗಿದ್ದರೆ ನನ್ನ ಶವಪೆಟ್ಟಿಗೆಯ ಮುಂದೆಯಾದರೂ ಒಮ್ಮೆ ಹಾಡುತ್ತಿದ್ದರು. ಆ ಆಸೆಯಿಂದಲೇ ಇಷ್ಟು ವರ್ಷ ಅವರಿಗೆ ಅಡುಗೆ ಮಾಡಿ ಹಾಕಿದೆ.

ಲೂರ್ದು

*

ದಾವಣಗೆರೆ
28 ಅಕ್ಟೋಬರ್ 2024

ನನ್ನ ಲೂರ್ದುವಿಗೆ,

ಸಿಕ್ಕಿಬಿದ್ದೆ. ನನಗೆ ಪರಮಪ್ರಸಾದ ಕೊಡಲು ಮನೆಗೆ ಬರುವ ಫಾದರ್ ಮುಂದೆ ಪಾಪನಿವೇದನೆ ಮಾಡಿಕೊಂಡೆ. "ಈ ವಯಸ್ಸಿನಲ್ಲಿ ಹೊಸ ಪಾಪವೇ ಟೀಚರ್?" ಎಂದು ನಕ್ಕು, ಒಂದು ಜಪಸರ ಪ್ರಾಯಶ್ಚಿತ್ತ ಕೊಟ್ಟರು. ನಿನ್ನ ಹತ್ತಿರವೂ ಕ್ಷಮೆ ಕೇಳುತ್ತೇನೆ. ಅವತ್ತು ಶಾಮಿಯಾನದಲ್ಲಿ ನಕ್ಕಿದ್ದಕ್ಕೂ ಸೇರಿಸಿ.

ಅವನು ಏನು ಹೇಳಿದನೋ ನನಗೂ ಗೊತ್ತಿಲ್ಲ. ನನ್ನ ಜೊತೆ ಅವನು ಕೊನೆಯದಾಗಿ ಮಾತಾಡಿದ್ದು ಫ್ಯಾನಿನ ಸದ್ದಿನ ಬಗ್ಗೆ. ಏನನ್ನು ಕ್ಷಮಿಸಲಿ ಎಂದು ಕೇಳಿದ್ದೀ. ಇಷ್ಟು ವರ್ಷ ಹೇಳಿದ ಪಾಠದಲ್ಲಿ ಈ ಪ್ರಶ್ನೆ ಒಮ್ಮೆಯೂ ಬರಲಿಲ್ಲ. ಇನ್ನು ನಾನು ಒತ್ತಾಯ ಮಾಡುವುದಿಲ್ಲ. ಕೊಟ್ಟರೂ ಸರಿ, ಬಿಟ್ಟರೂ ಸರಿ.

ಒಂದೇ ಒಂದು ಕೇಳುತ್ತೇನೆ. ಮೃತರ ದಿನ ಪೂಜೆಗೆ ಹೋದರೆ, ಹೆಸರು ಕೊಡಲು ಯಾರೂ ಇಲ್ಲದ ಆತ್ಮಗಳಿಗಾಗಿ ಒಂದು ಪ್ರಾರ್ಥನೆ ಹೇಳು. ಮದುವೆಯಾಗದವರು, ಮಕ್ಕಳಿಲ್ಲದವರು, ಬಾಡಿಗೆ ಮನೆಯ ಮಹಡಿಯಲ್ಲಿ ಇದ್ದು ಹೋದವರು, ಅಂಥವರೂ ಇರುತ್ತಾರೆ. ಹಜೀರಾಬೀ ಒಳ್ಳೆಯವರು, ಆದರೆ ಅವರು ದೇವಾಲಯಕ್ಕೆ ಹೋಗಿ ಹೆಸರು ಕೊಡಲು ಆಗುತ್ತದೆಯೇ?

ಸುಮ್ಮನೆ ಬರೆದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಸಿಸಿಲಿಯಾ

*

ಹರಿಹರ
3 ನವೆಂಬರ್ 2024

ಪ್ರೀತಿಯ ಅಕ್ಕ,

ಕೊಟ್ಟೆ.

ಶುಕ್ರವಾರ ಸಂಜೆಯವರೆಗೂ ಕೊಡುವುದಿಲ್ಲ ಎಂದೇ ಇದ್ದೆ. ನಿಮ್ಮ ಕಾಗದವನ್ನು ಇನ್ನೊಮ್ಮೆ ಓದಿದೆ. ಯಾರೂ ಇಲ್ಲದವರು ಅಂತ ಬರೆದಿದ್ದೀರಲ್ಲ. ಚೌರಪ್ಪನವರನ್ನು ನಾನೇ ಆ ಸಾಲಿನಲ್ಲಿ ಕೂರಿಸಿದ್ದೇನೆ ಎಂದು ಆಗ ಗೊತ್ತಾಯಿತು. ನಾನು ಮನೆಯಲ್ಲಿ ಕೂತ ಹಾಗೆ ಅವರೂ ಅಲ್ಲಿ ಕೂತಿದ್ದಾರೆ. ಈ ಸಂಕಟ ನನ್ನ ಶತ್ರುವಿಗೂ ಬೇಡ ಎನ್ನುತ್ತಿದ್ದೆ, ಗಂಡನಿಗೆ ಕೊಟ್ಟಿದ್ದೆ. ಎದ್ದು ಹೋಗಿ ಫಾದರ್ ಹತ್ತಿರ ಹೆಸರು ಹೇಳಿದೆ. ಸುಮ್ಮನೆ ಚೌರಪ್ಪ ಅಲ್ಲ. "ಮೇಣದ ಅಂಗಡಿ ಲೂರ್ದಮ್ಮನ ಗಂಡ, ಹಾಡುವ ಚೌರಪ್ಪ" ಎಂದು ಓದಬೇಕು ಎಂದೆ.

ಪೂಜೆಗೆ ಓಬವ್ವನನ್ನು ಕರೆದುಕೊಂಡು ಹೋದೆ. ನಿನ್ನೆ ಬಲಿಪಾಡ್ಯಮಿ, ಹೂವಿಗೆ ಬಂಗಾರದ ಬೆಲೆಯಿರುವ ದಿನ. ಆದರೂ ಬುಟ್ಟಿ ಮುಚ್ಚಿಟ್ಟು ಬಂದಳು. ಅವಳಿಗೆ ಮೊದಲೇ ಹೇಳಿದ್ದೆ, "ಹೆಸರು ಬಂದ ಕೂಡ್ಲೇ ನನ್ನ ಕೈ ಹಿಂಡು" ಎಂದು. ಫಾದರ್ ಓದುತ್ತಾ ಹೋದರು. ನನಗೆ ಅವರ ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು, ಕೊನೆಯಲ್ಲಿ ನಿಮ್ಮ ತಮ್ಮನದು ಕಂಡ ಹಾಗೆ. ಎಷ್ಟು ಹೆಸರೋ, ಮುಗಿಯುವುದೇ ಇಲ್ಲ. ಬಿಟ್ಟುಹೋಯಿತೇನೋ ಎಂದು ಓಬವ್ವನ ಮುಖ ನೋಡಿದೆ. ಬೇಡ ಎಂದು ಇಷ್ಟು ತಿಂಗಳು ಹಟ ಹಿಡಿದವಳು ಆಗ ಬೇಕು ಬೇಕು ಎಂದು ಕೂತಿದ್ದೆ. ಓಬವ್ವ ಹಿಂಡಿದಳು. ಎಂಥ ಹಿಂಡು ಅಕ್ಕ, ಸುಟ್ಟ ಬೆರಳಿನ ಮೇಲೇ. ಕಣ್ಣಲ್ಲಿ ನೀರು ಬಂತು. ಯಾವುದಕ್ಕೆ ಎಂದು ಕೇಳಬೇಡಿ.

ಆಮೇಲೆ ಎಲ್ಲರೂ ಸಿಮೆಟ್ರಿಗೆ ಹೋದೆವು. ಫಾದರ್ ಸಮಾಧಿಗಳಿಗೆಲ್ಲ ತೀರ್ಥ ಚಿಮುಕಿಸಿ ಹೋದ ಮೇಲೆ ನಾನು ಉಳಿದೆ. ಹೊಸ ಮೇಣದ ಬತ್ತಿ ತಂದಿದ್ದೆ, ತುಂಡುಬತ್ತಿಯದಲ್ಲ. ಹಚ್ಚಿದೆ. ನಡುವೆ ಶಿಲುಬೆ ಬೇಡವೆಂದು ಮಣ್ಣಿನ ಕಡೆ ನೋಡಿಕೊಂಡೇ ಹೇಳಿದೆ. "ನೋಡ್ರಿ, ಅವತ್ತು ನೀವು ಏನಂದ್ರೋ ನನಗೆ ಕೇಳಲಿಲ್ಲ. ಬೈದಿದ್ರೂ ಸರಿ, ಏನಂದಿದ್ರೂ ಸರಿ. ನಾನೂ ಅವತ್ತು ಹಂಗೆ ಅನ್ಬಾರ್ದಿತ್ತು. ಇಷ್ಟು ದಿನ ಹಿಡ್ಕಂಡಿದ್ದೆ, ಬಿಟ್ಟೀನಿ. ಹೋಗ್ರಿ ಇನ್ನ." ಗಾಳಿಗೆ ಬತ್ತಿ ಆರದಂತೆ ಕೈ ಅಡ್ಡ ಹಿಡಿದೆ. ಅವರು ಏನಾದರೂ ಹೇಳಿದ್ದರೂ ನನಗೆ ಕೇಳುತ್ತಿರಲಿಲ್ಲ.

ಮನೆಗೆ ಬಂದೆ. ಬೀದಿಯಲ್ಲಿ ಹಬ್ಬದ ಪಟಾಕಿ, ನನಗೆ ಬರೀ ಬೆಳಕು. ಅನ್ನಕ್ಕೆ ಕೂತು ಅಭ್ಯಾಸಬಲದಿಂದ ಗೋಡೆಯ ಕಡೆ ನೋಡಿದೆ. ಹೇಳಲು ಏನೂ ಇರಲಿಲ್ಲ. ಮೊದಲು ಈ ಮನೆಯಲ್ಲಿ ಸಿಟ್ಟಾದರೂ ಇತ್ತು. ಈಗ ಅದೂ ಹೋಗಿ ಕೋಣೆ ದೊಡ್ಡದಾಗಿದೆ. ಒಳ್ಳೆಯದು ಮಾಡಿದರೆ ಹಗುರವಾಗುತ್ತದೆ ಎನ್ನುತ್ತೀರಲ್ಲ ನೀವು ಟೀಚರುಗಳು, ಇಷ್ಟು ಖಾಲಿಯಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಮುಂದಿನ ಭಾನುವಾರ ದಾವಣಗೆರೆಗೆ ಬರುತ್ತೇನೆ. ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ್ದು ತಿಳಿಯುವುದಿಲ್ಲ ಎಂಬ ನಾಚಿಕೆಯಿಂದ ಇಷ್ಟು ದಿನ ಬರಲಿಲ್ಲ. ಚೀಟಿಯಲ್ಲಿ ಊರಿನ ಹೆಸರು ಬರೆದುಕೊಂಡು ಹತ್ತುತ್ತೇನೆ. ನೀವು ಮೆಟ್ಟಿಲು ಇಳಿಯಬೇಡಿ, ನಾನು ಹತ್ತುತ್ತೇನೆ. ನೀವು ಮಾತಾಡಿ, ನಾನು ನಿಮ್ಮ ತುಟಿ ನೋಡುತ್ತಾ ಕೂರುತ್ತೇನೆ.

ಇನ್ನೊಂದು. ಶುಕ್ರವಾರ ನಿಮ್ಮ ಹೆಸರನ್ನೂ ಕೊಡಲು ಹೋಗಿದ್ದೆ. ಬದುಕಿರುವವರ ಹೆಸರನ್ನು ಅವತ್ತು ಓದುವುದಿಲ್ಲ ಎಂದು ಫಾದರ್ ನಕ್ಕುಬಿಟ್ಟರು. ಪರವಾಗಿಲ್ಲ. ನೀವು ಮೊದಲು ಹೋದರೆ ಇಲ್ಲಿ ನಾನಿದ್ದೇನೆ, ಒಂದು ವರ್ಷವೂ ತಪ್ಪಿಸುವುದಿಲ್ಲ. ನಾನು ಮೊದಲು ಹೋದರೆ ನೀವು ನನ್ನ ಹೆಸರು ಕೊಡಿ. ಸ್ವಲ್ಪ ಗಟ್ಟಿಯಾಗಿ ಓದಲು ಹೇಳಿ.

ನಿಮ್ಮ
ಲೂರ್ದು